ಕೀರ್ತಿಯೂ ಕೃತಿಯೂ: ಬ್ರಿಸ್ಟಲ್ಲಿನ ಟ್ರಿಕಿ

(ಬಾನುಲಿ ಭಾಷಣ)

ಕೃತಿಗಿಂತ ಮುಂಚೆ ಕೀರ್ತಿಯೇ ಮನೆಬಾಗಿಲಿಗೆ ಬಂದು ನಿಲ್ಲುವ ಕಾಲವಿದು. ಕಾದಂಬರಿಯೊಂದನ್ನು ಓದುವ ಮೊದಲೇ ಅದು ಶ್ರೇಷ್ಠವೆಂದು ಕೇಳಿರುತ್ತೇವೆ. ಹಾಡೊಂದನ್ನು ಆಲಿಸುವ ಮೊದಲೇ ಅದು ಯುಗಪ್ರವರ್ತಕವೆಂದು ಓದಿರುತ್ತೇವೆ. ಹೀಗೆ ಮುಂದಾಗಿ ಬಂದ ಕೀರ್ತಿಯನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಎದುರುಗೊಳ್ಳುವುದುಂಟು. ಕೆಲವರು ಅದಕ್ಕೆ ತಲೆಬಾಗುತ್ತಾರೆ. ಇಷ್ಟು ಜನ ಹೊಗಳಿದ್ದಾರೆಂದ ಮೇಲೆ ಏನೋ ಇದ್ದೇ ಇರಬೇಕೆಂಬುದು ಅವರ ತರ್ಕ. ಇನ್ನು ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ಇಷ್ಟು ಗದ್ದಲವೆದ್ದಿದೆಯೆಂದ ಮೇಲೆ ಒಳಗೆ ಟೊಳ್ಳೇ ಇರಬೇಕೆಂಬುದು ಇವರ ತರ್ಕ. ಮೇಲ್ನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧವಾಗಿ ಕಂಡರೂ ಒಂದು ವಿಷಯದಲ್ಲಿ ಸಮಾನ. ಎರಡರಲ್ಲಿಯೂ ಕೃತಿಯ ಪರೀಕ್ಷೆ ನಡೆದಿಲ್ಲ. ನಡೆದಿರುವುದು ಕೀರ್ತಿಯ ಪರೀಕ್ಷೆ ಮಾತ್ರ.

ಈ ಪ್ರಶ್ನೆಯನ್ನು ಬರಿಯ ತತ್ತ್ವವಾಗಿ ಚರ್ಚಿಸುವುದಕ್ಕಿಂತ ಒಂದು ನಿದರ್ಶನದ ಮೂಲಕ ನೋಡುವುದು ಮೇಲು. ನಾನು ಆರಿಸಿಕೊಂಡಿರುವ ನಿದರ್ಶನ ಇಂಗ್ಲೆಂಡಿನದು. 1995ರ ಫೆಬ್ರವರಿಯಲ್ಲಿ ಬ್ರಿಸ್ಟಲ್ ನಗರದ ಟ್ರಿಕಿ ಎಂಬ ಕಲಾವಿದನ ‘ಮ್ಯಾಕ್ಸಿನ್‌ಕ್ವೇ’ ಎಂಬ ಹನ್ನೆರಡು ಹಾಡುಗಳ ಧ್ವನಿಮುದ್ರಿಕೆ ಹೊರಬಂದಿತು. ಬಿಡುಗಡೆಯಾದೊಡನೆ ಅದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು. ವರ್ಷಾಂತ್ಯದಲ್ಲಿ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ವಾರಪತ್ರಿಕೆ ಅದನ್ನು ಆ ವರ್ಷದ ಅತ್ಯುತ್ತಮ ಕೃತಿಯೆಂದು ಸಾರಿತು. ಪ್ರಯೋಗಶೀಲ ಸಂಗೀತಕ್ಕೆ ಮೀಸಲಾದ ‘ದ ವೈರ್’ ಪತ್ರಿಕೆಯೂ ಅದಕ್ಕೇ ಅಗ್ರಸ್ಥಾನ ಕೊಟ್ಟಿತು. ಆಗಲೇ ಜಗತ್ಪ್ರಸಿದ್ಧನಾಗಿದ್ದ ಗಾಯಕ ಡೇವಿಡ್ ಬೋವಿ ‘ಕ್ಯೂ’ ಪತ್ರಿಕೆಗೆ ಟ್ರಿಕಿಯನ್ನು ಕುರಿತು ಕಲ್ಪಿತ ಭೇಟಿಯೊಂದರ ರೂಪದಲ್ಲಿ ಲೇಖನವನ್ನೇ ಬರೆದ. ಇಪ್ಪತ್ತೇಳು ವರ್ಷದ ಯುವಕನೊಬ್ಬನ ಮೊದಲ ಕೃತಿಗೆ ದೊರೆತ ಮನ್ನಣೆಯಿದು. ಇದಕ್ಕೆ ಆತ ಅರ್ಹನೆ? ಅರ್ಹನಾದರೆ ಎಷ್ಟರಮಟ್ಟಿಗೆ? ಇದೇ ಇಂದಿನ ವಿಚಾರ.

ಮೊದಲು ಈ ಸಂಗೀತದ ಸ್ವರೂಪವನ್ನು ಅರಿಯಬೇಕು. ಇದನ್ನು ಜನ ‘ಟ್ರಿಪ್‌ಹಾಪ್’ ಎಂದು ಕರೆಯುತ್ತಾರೆ. 1994ರ ಜೂನ್ ತಿಂಗಳಲ್ಲಿ ‘ಮಿಕ್ಸ್‌ಮ್ಯಾಗ್’ ಎಂಬ ಪತ್ರಿಕೆಯಲ್ಲಿ ಆಂಡಿ ಪೆಂಬರ್ಟನ್ ಎಂಬ ಲೇಖಕ ಈ ಪದವನ್ನು ಬಳಕೆಗೆ ತಂದ. ಅಮೆರಿಕದ ಕರಿಯ ಜನಾಂಗದ ಯುವಕರು ರೂಪಿಸಿದ ಹಿಪ್‌ಹಾಪ್‌ನಲ್ಲಿ ತಾಳಬದ್ಧವಾದ ಮಾತೇ ಪ್ರಧಾನ. ಹಳೆಯ ಗ್ರಾಮಫೋನ್ ತಟ್ಟೆಗಳಿಂದ ಎತ್ತಿಕೊಂಡ ವಾದ್ಯದ ತುಣುಕುಗಳು ಮತ್ತೆ ಮತ್ತೆ ಆವರ್ತಿಸುತ್ತ ಆ ಮಾತಿಗೆ ಹಿನ್ನೆಲೆಯಾಗುತ್ತವೆ. ಆ ತಾಳವನ್ನೇ ವಿಳಂಬಗೊಳಿಸಿ, ಜಮೈಕಾ ದ್ವೀಪದ ‘ಡಬ್’ ಸಂಗೀತದ ಮಂದ್ರಧ್ವನಿಯನ್ನು ಅದರ ತಳಕ್ಕೆ ಹಾಸಿ, ಮೇಲೆ ಬಹುಮಟ್ಟಿಗೆ ಸ್ತ್ರೀಕಂಠವೊಂದನ್ನು ತೇಲಿಸಿದರೆ ಟ್ರಿಪ್‌ಹಾಪ್‌ನ ಸ್ಥೂಲ ಚಿತ್ರ ದೊರೆಯುತ್ತದೆ. ಸವೆದ ತಟ್ಟೆಯ ಮೇಲೆ ಮುಳ್ಳು ಓಡುವಾಗ ಕೇಳುವ ಚಿಟಿಚಿಟಿ ಸದ್ದನ್ನು ಕೂಡ ಈ ಸಂಗೀತಗಾರರು ದೋಷವೆಂದು ತೆಗೆದುಹಾಕುವುದಿಲ್ಲ, ಬೇಕೆಂದೇ ಉಳಿಸಿಕೊಳ್ಳುತ್ತಾರೆ. ಕುಣಿಯುವುದಕ್ಕೆ ಹುಟ್ಟಿದ ತಾಳ ಇಲ್ಲಿ ಕುಳಿತು ಚಿಂತಿಸುವ ತಾಳವಾಗಿದೆ.

ಇಂಥ ಸಂಗೀತ ಬ್ರಿಸ್ಟಲ್ಲಿನಲ್ಲಿಯೇ ಏಕೆ ಹುಟ್ಟಿತು? ಭಾರತೀಯರಿಗೆ ಆ ನಗರ ತೀರ ಅಪರಿಚಿತವೇನಲ್ಲ. ರಾಜಾ ರಾಮಮೋಹನ ರಾಯರು 1833ರ ಸೆಪ್ಟೆಂಬರ್ 27ರಂದು ದೇಹ ಬಿಟ್ಟದ್ದು ಅಲ್ಲಿಯೇ. ಅಲ್ಲಿನ ಆರ್ನೋಸ್ ವೇಲ್ ರುದ್ರಭೂಮಿಯಲ್ಲಿ ದ್ವಾರಕಾನಾಥ ಠಾಕೂರರು ಕಟ್ಟಿಸಿದ ಛತ್ರಿ ಇಂದಿಗೂ ಅವರ ಸಮಾಧಿಯ ಮೇಲೆ ನಿಂತಿದೆ. ಆದರೆ ಅದೇ ಬಂದರಿನ ಸಂಪತ್ತಿನ ಬಹುಭಾಗ ಹದಿನೆಂಟನೆಯ ಶತಮಾನದ ಗುಲಾಮರ ವ್ಯಾಪಾರದಿಂದ ಬಂದದ್ದು. ಎರಡನೆಯ ಮಹಾಯುದ್ಧದ ನಂತರ ಕೆರಿಬಿಯನ್ ದ್ವೀಪಗಳಿಂದ ದುಡಿಮೆಗಾಗಿ ಬಂದವರು ಆ ನಗರದಲ್ಲಿ ನೆಲಸಿದರು. 1963ರಲ್ಲಿ ಅಲ್ಲಿನ ಬಸ್ ಸಂಸ್ಥೆ ಬಿಳಿಯರಲ್ಲದವರನ್ನು ಚಾಲಕ-ನಿರ್ವಾಹಕರಾಗಿ ತೆಗೆದುಕೊಳ್ಳಲು ಒಪ್ಪದೆ ಇದ್ದಾಗ ಜನ ಬಸ್ಸು ಹತ್ತುವುದನ್ನೇ ಬಹಿಷ್ಕರಿಸಿ ಗೆದ್ದರು. 1980ರ ಏಪ್ರಿಲ್‌ನಲ್ಲಿ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ಪೊಲೀಸರಿಗೂ ಜನರಿಗೂ ದೊಡ್ಡ ಘರ್ಷಣೆ ನಡೆಯಿತು. 2020ರ ಜೂನ್ 7ರಂದು ಗುಲಾಮರ ವ್ಯಾಪಾರಿ ಎಡ್ವರ್ಡ್ ಕೋಲ್ಸ್‌ಟನ್ನನ ಪ್ರತಿಮೆಯನ್ನು ಜನ ಉರುಳಿಸಿ ಬಂದರಿನ ನೀರಿಗೆ ನೂಕಿದ್ದನ್ನು ಎಲ್ಲರೂ ಬಲ್ಲರು.

ಈ ವಲಸೆಗಾರರು ತಮ್ಮ ಜೊತೆಯಲ್ಲಿ ‘ಸೌಂಡ್ ಸಿಸ್ಟಮ್’ ಎಂಬ ಪದ್ಧತಿಯನ್ನೂ ತಂದಿದ್ದರು. ಆಳೆತ್ತರದ ಧ್ವನಿವರ್ಧಕಗಳನ್ನು ಬೀದಿಗೋ ಬಯಲಿಗೋ ಹೊತ್ತು ತಂದು, ತಟ್ಟೆಗಳನ್ನು ಹಾಕಿ, ಅದರ ಮೇಲೆ ಒಬ್ಬ ಆಶುವಾಗಿ ಮಾತು ಕಟ್ಟುವ ಪದ್ಧತಿಯದು. ಬ್ರಿಸ್ಟಲ್ಲಿನಲ್ಲಿ 1980ರ ದಶಕದಲ್ಲಿ ‘ವೈಲ್ಡ್ ಬಂಚ್’ ಎಂಬ ಗುಂಪು ಹೀಗೆ ಹೆಸರು ಮಾಡಿತು. ಅದರಿಂದ ‘ಮ್ಯಾಸಿವ್ ಅಟ್ಯಾಕ್’ ತಂಡ ಹುಟ್ಟಿತು. 1991ರಲ್ಲಿ ಅದರ ಮೊದಲ ಕೃತಿ ‘ಬ್ಲೂ ಲೈನ್ಸ್’ ಬಂದಿತು. ಆ ಕೃತಿ ಸಿದ್ಧವಾಗುತ್ತಿದ್ದ ಸ್ಟುಡಿಯೋದಲ್ಲಿ ಟೇಪು ನೋಡಿಕೊಳ್ಳುವ ಕೆಲಸಕ್ಕಿದ್ದ ಹುಡುಗ ಜೆಫ್ ಬ್ಯಾರೋ; ಮುಂದೆ ‘ಪೋರ್ಟಿಸ್‌ಹೆಡ್’ ತಂಡವನ್ನು ಕಟ್ಟಿದವನು ಅವನೇ. ‘ಬ್ಲೂ ಲೈನ್ಸ್’ನ ಕೆಲವು ಹಾಡುಗಳಲ್ಲಿ ಗೊಗ್ಗರು ದನಿಯಲ್ಲಿ ಪಿಸುಗುಟ್ಟುವ ಯುವಕ ಟ್ರಿಕಿ. ಒಂದೇ ಊರಿನ, ಒಂದೇ ಓರಗೆಯ ಮೂರು ಹೆಸರುಗಳಿವು. ಹೀಗಾಗಿ ಟ್ರಿಕಿಯನ್ನು ಆಕಾಶದಿಂದ ಉದುರಿದ ಪ್ರತಿಭೆಯೆಂದು ಬಣ್ಣಿಸಿದ ಪತ್ರಿಕೆಗಳ ಮಾತು ಮೊದಲ ಹೆಜ್ಜೆಯಲ್ಲಿಯೇ ಎಡವುತ್ತದೆ. ಆತ ಒಂದು ಪರಂಪರೆಯ ಕೂಸು.

ಆತನ ನಿಜನಾಮ ಏಡ್ರಿಯನ್ ಥಾಸ್. 1968ರಲ್ಲಿ ಹುಟ್ಟಿ, ಬ್ರಿಸ್ಟಲ್ಲಿನ ದಕ್ಷಿಣ ಭಾಗದ ನೋಲ್ ವೆಸ್ಟ್ ಎಂಬ ಬಡವರ ಬಡಾವಣೆಯಲ್ಲಿ ಬೆಳೆದ. ತಂದೆ ಜಮೈಕಾ ಮೂಲದವನು, ಮನೆಯಲ್ಲಿ ಉಳಿಯಲಿಲ್ಲ. ತಾಯಿ ಮ್ಯಾಕ್ಸಿನ್ ಕ್ವೇ ಮಗನಿಗೆ ನಾಲ್ಕು ವರ್ಷವಾಗಿದ್ದಾಗ ಆತ್ಮಹತ್ಯೆ ಮಾಡಿಕೊಂಡಳು. ಮಗುವನ್ನು ಸಾಕಿದವಳು ಅಜ್ಜಿ. ಹದಿನೇಳರ ಹರೆಯದಲ್ಲಿ ಖೋಟಾ ನೋಟಿನ ವ್ಯವಹಾರದಲ್ಲಿ ಸಿಕ್ಕಿ ಸೆರೆಮನೆಯನ್ನೂ ಕಂಡ. ಬಾಲ್ಯದಿಂದ ಉಬ್ಬಸದ ರೋಗಿ. ಆ ಏದುಸಿರು ಆತನ ಹಾಡಿನಲ್ಲಿಯೂ ಕೇಳಿಬರುತ್ತದೆ. ಮೊದಲ ಕೃತಿಗೆ ಆತ ಇಟ್ಟ ಹೆಸರು ತಾಯಿಯ ಹೆಸರೇ. ಎರಡು ಪದಗಳನ್ನು ಬೆಸೆದು ಒಂದಾಗಿಸಿದ್ದಾನೆ, ಅಷ್ಟೆ.

ಇಂಥ ಬದುಕಿನ ಕಥೆ ಕೈಗೆ ಸಿಕ್ಕರೆ ಪತ್ರಿಕೆಗಳು ಬಿಡುವುದುಂಟೆ? ಆ ಕಾಲದ ಇಂಗ್ಲೆಂಡಿನಲ್ಲಿ ಸಂಗೀತಕ್ಕೇ ಮೀಸಲಾದ ವಾರಪತ್ರಿಕೆಗಳು ಪೈಪೋಟಿಯಲ್ಲಿದ್ದವು. ಪ್ರತಿ ವಾರವೂ ಮುಖಪುಟಕ್ಕೆ ಒಂದು ಮುಖ ಬೇಕು. ಪ್ರತಿ ತಿಂಗಳೂ ಒಂದು ಹೊಸ ಅಲೆ ಬೇಕು. 1995ರ ಆಗಸ್ಟ್‌ನಲ್ಲಿ ಬ್ಲರ್ ಮತ್ತು ಒಯಾಸಿಸ್ ಎಂಬ ಎರಡು ತಂಡಗಳು ಒಂದೇ ದಿನ ಒಂದೊಂದು ಹಾಡನ್ನು ಬಿಡುಗಡೆ ಮಾಡಿದಾಗ ಯಾವುದು ಹೆಚ್ಚು ಮಾರಾಟವಾದೀತೆಂಬುದು ದೇಶದ ದೊಡ್ಡ ಸುದ್ದಿಯಾಯಿತು. ಅಂಥ ವಾತಾವರಣದಲ್ಲಿ ‘ಪ್ರತಿಭಾವಂತ’ ಎಂಬ ಪದ ಸುಲಭವಾಗಿ ಚಲಾವಣೆಯಾಗುತ್ತದೆ. ಹೀಗೆ ಹೊಗಳಿದ ಪತ್ರಿಕೆಗಳ ಗತಿಯೇನಾಯಿತು? ‘ಮೆಲೊಡಿ ಮೇಕರ್’ 2000ದಲ್ಲಿ ತನ್ನ ಪ್ರತಿಸ್ಪರ್ಧಿಯಲ್ಲಿ ವಿಲೀನವಾಯಿತು. ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ 2018ರಲ್ಲಿ ಮುದ್ರಿತ ವಾರಪತ್ರಿಕೆಯಾಗಿ ನಿಂತಿತು. ಹೊಗಳಿದವರ ಮಾತು ಅಡಗಿದ ಮೇಲೂ ಹಾಡು ಉಳಿದಿದೆ. ಆದುದರಿಂದ ಈಗ ಅದನ್ನು ಸಾವಧಾನವಾಗಿ ಪರೀಕ್ಷಿಸಬಹುದು.

ಟ್ರಿಕಿಯ ವಿರುದ್ಧ ಮೂರು ಆಕ್ಷೇಪಗಳು ಕೇಳಿಬರುತ್ತವೆ. ಒಂದು, ಆತನ ಸಾಮಗ್ರಿ ಎರವಲು ತಂದದ್ದು. ಎರಡು, ಆತ ಗಾಯಕನೂ ಅಲ್ಲ, ವಾದಕನೂ ಅಲ್ಲ. ಕೆಲಸ ಮಾಡಿದವರು ಬೇರೆಯವರು. ಮೂರು, ಮೊದಲ ಕೃತಿಯ ಮಟ್ಟವನ್ನು ಆತ ಮತ್ತೆ ಮುಟ್ಟಲಿಲ್ಲ. ಮೂರರಲ್ಲಿಯೂ ತಥ್ಯವಿದೆ. ಆದರೆ ತಥ್ಯವಿರುವ ಆಕ್ಷೇಪವೆಲ್ಲ ನಿರ್ಣಾಯಕ ಆಕ್ಷೇಪವಾಗಬೇಕೆಂದಿಲ್ಲ. ಒಂದೊಂದಾಗಿ ನೋಡೋಣ.

ಎರವಲಿನ ಪ್ರಶ್ನೆ ನಮ್ಮ ಕಾವ್ಯಮೀಮಾಂಸೆಗೆ ಹೊಸದಲ್ಲ. ಒಬ್ಬ ಕವಿಯ ಭಾವ ಮತ್ತೊಬ್ಬನಲ್ಲಿ ಕಾಣಿಸಿದಾಗ ಅದನ್ನು ಹೇಗೆ ತೂಗಬೇಕೆಂಬುದನ್ನು ಒಂಬತ್ತನೆಯ ಶತಮಾನದ ಆನಂದವರ್ಧನ ಚರ್ಚಿಸಿದ್ದಾನೆ. ಹೋಲಿಕೆ ಮೂರು ಬಗೆಯದೆಂದು ಆತನ ವಿಂಗಡಣೆ: ಕನ್ನಡಿಯ ಪ್ರತಿಬಿಂಬದಂಥದು, ಚಿತ್ರಪಟದಂಥದು, ಒಬ್ಬ ಮನುಷ್ಯನನ್ನು ಹೋಲುವ ಮತ್ತೊಬ್ಬ ಮನುಷ್ಯನಂಥದು. ಮೊದಲೆರಡು ತ್ಯಾಜ್ಯ, ಮೂರನೆಯದು ಗ್ರಾಹ್ಯ. ಏಕೆಂದರೆ ರೂಪದಲ್ಲಿ ಹೋಲಿಕೆಯಿದ್ದರೂ ಅಲ್ಲಿ ಬೇರೊಂದು ಜೀವವಿದೆ. ಹತ್ತನೆಯ ಶತಮಾನದ ರಾಜಶೇಖರ ಈ ವಿಚಾರವನ್ನು ಇನ್ನೂ ವಿಸ್ತರಿಸಿ, ಹರಣಕ್ಕೇ ಅಧ್ಯಾಯಗಳನ್ನು ಮೀಸಲಿಟ್ಟಿದ್ದಾನೆ. ಕವಿಗಳಲ್ಲಿ ಉತ್ಪಾದಕ, ಪರಿವರ್ತಕ, ಆಚ್ಛಾದಕ, ಸಂವರ್ಗಕರೆಂದು ಭೇದ ಮಾಡಿದ್ದಾನೆ. ತಾನೇ ಹೊಸದನ್ನು ಹುಟ್ಟಿಸುವವನು ಒಬ್ಬ. ತೆಗೆದುಕೊಂಡದ್ದನ್ನು ಮಾರ್ಪಡಿಸುವವನು ಒಬ್ಬ. ತೆಗೆದುಕೊಂಡದ್ದನ್ನು ಮುಚ್ಚಿಡುವವನು ಒಬ್ಬ. ಸುಮ್ಮನೆ ಗುಡ್ಡೆ ಹಾಕುವವನು ಇನ್ನೊಬ್ಬ. ವ್ಯಾಸರ ಕಥೆಯನ್ನು ಪಂಪ ತೆಗೆದುಕೊಂಡನೆಂದು ಯಾರೂ ಆತನನ್ನು ಕೀಳುಗಳೆಯುವುದಿಲ್ಲವಷ್ಟೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ‘ತೆಗೆದುಕೊಂಡನೆ?’ ಎಂಬುದರಲ್ಲಿಯೇ ಮುಗಿಯುವುದಿಲ್ಲ. ‘ತೆಗೆದುಕೊಂಡು ಏನು ಮಾಡಿದ?’ ಎಂದೂ ಕೇಳಬೇಕು.

ಇದಕ್ಕೆ ಒಂದು ಅಪೂರ್ವವಾದ ಪರೀಕ್ಷೆ ಅದೃಷ್ಟವಶಾತ್ ನಮಗೆ ಒದಗಿದೆ. ಅಮೆರಿಕದ ಗಾಯಕ ಐಸಾಕ್ ಹೇಸ್ 1971ರ ‘ಬ್ಲ್ಯಾಕ್ ಮೋಸಸ್’ ಎಂಬ ಧ್ವನಿಮುದ್ರಿಕೆಯಲ್ಲಿ ‘ಐಕ್ಸ್ ರ‍್ಯಾಪ್ II’ ಎಂಬ ಚಿಕ್ಕ ಭಾಗವನ್ನು ಅಳವಡಿಸಿದ್ದ. ಮೆಲ್ಲಗೆ ಇಳಿಯುವ ಮಂದ್ರಸ್ವರಗಳು, ತಂತಿವಾದ್ಯಗಳ ನಿಟ್ಟುಸಿರು, ಅವುಗಳ ಮೇಲೆ ಪ್ರಿಯೆಯನ್ನು ಕುರಿತ ಆತ್ಮನಿವೇದನೆಯ ಮಾತು — ಇದು ಅದರ ಸ್ವರೂಪ. ಈ ತುಣುಕನ್ನೇ ಪೋರ್ಟಿಸ್‌ಹೆಡ್ ತಂಡ 1994ರ ‘ಡಮ್ಮಿ’ ಎಂಬ ಕೃತಿಯ ‘ಗ್ಲೋರಿ ಬಾಕ್ಸ್’ ಹಾಡಿನಲ್ಲಿ ಬಳಸಿಕೊಂಡಿತು. ಕೆಲವೇ ತಿಂಗಳ ಅಂತರದಲ್ಲಿ ಟ್ರಿಕಿಯೂ ಅದನ್ನೇ ‘ಹೆಲ್ ಈಸ್ ರೌಂಡ್ ದ ಕಾರ್ನರ್’ ಎಂಬ ಹಾಡಿಗೆ ಆಧಾರವಾಗಿಟ್ಟುಕೊಂಡ. ಒಂದೇ ಊರು, ಒಂದೇ ಕಾಲ, ಒಂದೇ ತುಣುಕು, ಇಬ್ಬರು ಕಲಾವಿದರು. ಸಮಸ್ಯಾಪೂರಣಕ್ಕೆ ಒಂದೇ ಸಾಲನ್ನು ಇಬ್ಬರು ಕವಿಗಳಿಗೆ ಕೊಟ್ಟಂತೆ.

ಎರಡನ್ನೂ ಒಂದಾದ ಮೇಲೊಂದು ಕೇಳಿದರೆ ವ್ಯತ್ಯಾಸ ಮನದಟ್ಟಾಗುತ್ತದೆ. ಪೋರ್ಟಿಸ್‌ಹೆಡ್‌ನ ಬೆತ್ ಗಿಬ್ಬನ್ಸ್ ಹಾಡುವಾಗ ಅದೇ ಸ್ವರಗಳು ಪ್ರಣಯದ ಆಟದಲ್ಲಿ ಬಳಲಿದ ಹೆಣ್ಣೊಬ್ಬಳ ಅಳಲಾಗುತ್ತವೆ; ರಂಗದ ಮೇಲೆ ಒಬ್ಬಳೇ ನಿಂತ ನಟಿಯ ಭವ್ಯತೆ ಅದಕ್ಕಿದೆ. ಟ್ರಿಕಿಯಲ್ಲಿ ಆ ಭವ್ಯತೆಯಿಲ್ಲ. ಆತ ಹಾಡುವುದಿಲ್ಲ, ಬಾಯೊಳಗೇ ಗೊಣಗುತ್ತಾನೆ. ಹೇಸ್‌ನಲ್ಲಿ ಶಯ್ಯಾಗೃಹದ ಮೃದುತ್ವವಾಗಿದ್ದ ತಂತಿವಾದ್ಯ ಇಲ್ಲಿ ಬೀದಿಯ ತಿರುವಿನಲ್ಲಿ ಯಾರೋ ಕಾದು ನಿಂತಿರುವರೆಂಬ ಶಂಕೆಯಾಗಿ ಪರಿಣಮಿಸುತ್ತದೆ. ಮೂಲದ ಶೃಂಗಾರ ಒಬ್ಬರಲ್ಲಿ ಕರುಣವಾಯಿತು, ಇನ್ನೊಬ್ಬನಲ್ಲಿ ಭಯಾನಕವಾಯಿತು. ಧ್ವನಿಯ ದೃಷ್ಟಿಯಿಂದ ನೋಡಿದರೆ ಇದು ಬರಿಯ ಪ್ರತಿಬಿಂಬವಲ್ಲ. ತುಣುಕು ಅದೇ ಆದರೂ ಅದರಿಂದ ಹೊರಡುವ ವ್ಯಂಗ್ಯಾರ್ಥ ಬೇರೆ. ರಾಜಶೇಖರನ ಮಾತಿನಲ್ಲಿ ಹೇಳುವುದಾದರೆ ಇಬ್ಬರೂ ಪರಿವರ್ತಕರು.

ಎರಡನೆಯ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಅಮೆರಿಕದ ‘ಪಬ್ಲಿಕ್ ಎನಿಮಿ’ ತಂಡ 1988ರಲ್ಲಿ ಒಂದು ಕಥನಗೀತೆಯನ್ನು ರಚಿಸಿತ್ತು. ಸೈನ್ಯಕ್ಕೆ ಸೇರೆಂದು ಸರ್ಕಾರದಿಂದ ಬಂದ ಕರೆಯನ್ನು ಕರಿಯ ಯುವಕನೊಬ್ಬ ನಿರಾಕರಿಸಿ ಸೆರೆಮನೆ ಸೇರುತ್ತಾನೆ, ಅಲ್ಲಿಂದ ತಪ್ಪಿಸಿಕೊಳ್ಳಲು ದಂಗೆಯೇಳುತ್ತಾನೆ. ಆ ಹಾಡು ಕೂಡ ಐಸಾಕ್ ಹೇಸ್‌ನ 1969ರ ಧ್ವನಿಮುದ್ರಿಕೆಯೊಂದರ ಪಿಯಾನೋ ತುಣುಕಿನ ಮೇಲೆ ನಿಂತಿತ್ತೆಂಬುದನ್ನು ಗಮನಿಸಬೇಕು. ಟ್ರಿಕಿ ಇದನ್ನು ‘ಬ್ಲ್ಯಾಕ್ ಸ್ಟೀಲ್’ ಎಂಬ ಹೆಸರಿನಲ್ಲಿ ಪುನಃಸೃಷ್ಟಿಸಿದ. ಗುಡುಗುವ ಗಂಡುದನಿಯ ಜಾಗದಲ್ಲಿ ತೆಳುವಾದ ಹೆಣ್ಣುದನಿ ಬಂದಿತು. ದೀರ್ಘ ಕಥನದ ಬಹುಭಾಗ ಹೋಗಿ ಆರಂಭದ ನಿರಾಕರಣೆಯೇ ಮತ್ತೆ ಮತ್ತೆ ಅನುರಣಿಸಿತು. ರಾಕ್ ಗಿಟಾರಿನ ಅಬ್ಬರ ಸೇರಿತು. ಅಬ್ಬರದ ತಳದಲ್ಲಿ ಓಡುವ ತಾಳವಾದ್ಯದ ತುಣುಕು ಎಲ್ಲಿಯದು? 1992ರಲ್ಲಿ ಮಣಿರತ್ನಂ ನಿರ್ದೇಶಿಸಿದ ‘ರೋಜಾ’ ಚಿತ್ರದ ‘ರುಕ್ಕುಮಣಿ ರುಕ್ಕುಮಣಿ’ ಹಾಡಿನದು. ಎ. ಆರ್. ರೆಹಮಾನರ ಮೊದಲ ಚಿತ್ರವದು. ತಮಿಳಿನಲ್ಲಿ ಆ ಹಾಡನ್ನು ಹಾಡಿದವರು ಕನ್ನಡಿಗರಿಗೆ ಮನೆಯವರೇ ಆಗಿದ್ದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಮತ್ತು ಕೆ. ಎಸ್. ಚಿತ್ರಾ.

ಹಳ್ಳಿಯ ಮದುವೆಯ ಸಂಭ್ರಮಕ್ಕೆಂದು ಮದರಾಸಿನಲ್ಲಿ ನುಡಿಸಿದ ತಾಳ ಮೂರೇ ವರ್ಷಗಳಲ್ಲಿ ಇಂಗ್ಲೆಂಡಿನ ಸೆರೆಮನೆಯ ಹಾಡೊಂದರ ಎದೆಬಡಿತವಾಯಿತೆಂಬುದು ವಿಸ್ಮಯದ ಸಂಗತಿ. ಕಲೆಯ ದೃಷ್ಟಿಯಿಂದ ಈ ಪರಿವರ್ತನೆ ಸಮರ್ಥವಾದದ್ದೆಂದು ನಾನು ಒಪ್ಪುತ್ತೇನೆ. ನ್ಯಾಯದ ದೃಷ್ಟಿಯಿಂದ ಮಾತ್ರ ಒಂದು ಪ್ರಶ್ನೆ ಉಳಿಯುತ್ತದೆ. ಆ ಲಯದ ಹೊಸತನವನ್ನು ಕೊಂಡಾಡಿದವರಲ್ಲಿ ಅದರ ತವರನ್ನು ವಿಚಾರಿಸಿದವರು ಎಷ್ಟು ಮಂದಿ? ವ್ಯಾಸಭಾರತವನ್ನು ಬಲ್ಲ ಓದುಗನ ಮುಂದೆ ಪಂಪ ತನ್ನ ಕಾವ್ಯವನ್ನಿಟ್ಟ. ಆದುದರಿಂದ ಮಾರ್ಪಾಡಿನ ಸೊಗಸು ಓದುಗನಿಗೆ ತಾನಾಗಿ ತಿಳಿಯುತ್ತಿತ್ತು. ಮೂಲವನ್ನು ಅರಿಯದ ಕೇಳುಗನಿಗೆ ಪರಿವರ್ತಕನೂ ಉತ್ಪಾದಕನಂತೆಯೇ ಕಾಣಿಸುತ್ತಾನೆ. ಟ್ರಿಕಿಗೆ ಸಂದ ಹೊಗಳಿಕೆಯಲ್ಲಿ ಹೀಗೆ ತಪ್ಪಿ ಸೇರಿಕೊಂಡ ಒಂದು ಪಾಲಿದೆ. ಅದು ಹೇಸ್‌ನಿಗೂ ರೆಹಮಾನರಿಗೂ ಅವರ ವಾದ್ಯವೃಂದದ ಕಲಾವಿದರಿಗೂ ಸಲ್ಲತಕ್ಕದ್ದು.

ಎರಡನೆಯ ಆಕ್ಷೇಪ ಇದಕ್ಕಿಂತ ಗುರುತರವಾದದ್ದು. ‘ಮ್ಯಾಕ್ಸಿನ್‌ಕ್ವೇ’ಯ ಬಹುಪಾಲು ಹಾಡುಗಳಲ್ಲಿ ಮುಖ್ಯವಾಗಿ ಕೇಳಿಬರುವ ಕಂಠ ಟ್ರಿಕಿಯದಲ್ಲ, ಮಾರ್ಟೀನಾ ಟಾಪ್ಲಿ-ಬರ್ಡ್ ಎಂಬ ತರುಣಿಯದು. ಬ್ರಿಸ್ಟಲ್ಲಿನ ಆತನ ಮನೆಯ ಬಳಿ ಗೋಡೆಯೊಂದರ ಮೇಲೆ ಕುಳಿತಿದ್ದ ಹದಿಹರೆಯದ ವಿದ್ಯಾರ್ಥಿನಿಯನ್ನು ಆತ ಕಂಡು ಮಾತನಾಡಿಸಿದನೆಂಬುದು ಪ್ರಸಿದ್ಧವಾದ ಕಥೆ. ಇನ್ನು ತುಣುಕುಗಳನ್ನು ಜೋಡಿಸುವ ಕೆಲಸದಲ್ಲಿ ಸಹನಿರ್ಮಾಪಕ ಮಾರ್ಕ್ ಸಾಂಡರ್ಸ್‌ನ ಪಾಲು ದೊಡ್ಡದು. ಗತಿಯಲ್ಲಾಗಲಿ ಶ್ರುತಿಯಲ್ಲಾಗಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ತಟ್ಟೆಗಳನ್ನು ಕೈಗೆ ಕೊಟ್ಟು, ಇವೆರಡನ್ನೂ ಕೂಡಿಸೆಂದು ಟ್ರಿಕಿ ಹೇಳುತ್ತಿದ್ದನೆಂದೂ, ಒಂದನ್ನು ನಿಧಾನಿಸಿ ಇನ್ನೊಂದರ ಶ್ರುತಿಯನ್ನು ಇಳಿಸಿ ತಾನು ಹೊಂದಿಸುತ್ತಿದ್ದೆನೆಂದೂ ಸಾಂಡರ್ಸ್ ನೆನೆದಿದ್ದಾನೆ. ಹೊದಿಕೆಯ ಮೇಲೆ ಮಾತ್ರ ಒಂದೇ ಹೆಸರು.

ಇಲ್ಲಿ ಎರಡು ಅಂಶಗಳನ್ನು ಬೇರ್ಪಡಿಸಬೇಕು. ಕೂಡದ ಎರಡನ್ನು ಕೂಡಿಸೆಂದು ಕೇಳುವುದೂ ಒಂದು ಸೃಷ್ಟಿಕಾರ್ಯವೇ. ವಾಡಿಕೆಯ ಸಂಗೀತಜ್ಞಾನವಿದ್ದವನಿಗೆ ಅಂಥ ಬಯಕೆ ಹುಟ್ಟುವುದೇ ಇಲ್ಲ. ಹುಟ್ಟಿದರೂ ಶಾಸ್ತ್ರ ಅಡ್ಡ ಬರುತ್ತದೆ. ಈ ಕೃತಿಯಲ್ಲಿ ಶ್ರುತಿ ಸರಿಯಾಗಿ ಸೇರದೆ ಉಳಿದ ಒಂದು ಇರಿಸುಮುರಿಸು ಎಲ್ಲೆಡೆಯೂ ಇದೆ. ಅದರ ಪ್ರಾಣ ಇರುವುದೂ ಅಲ್ಲಿಯೇ. ಅದು ಟ್ರಿಕಿಯ ಕಿವಿ ಕೇಳಿದ್ದು, ಸಾಂಡರ್ಸ್‌ನ ಕೈ ಮಾಡಿದ್ದು. ಇದರಲ್ಲಿ ಪ್ರಥಮ ಗೌರವ ಟ್ರಿಕಿಗೆ ಸಲ್ಲಬಹುದು.

ಮಾರ್ಟೀನಾಳ ವಿಷಯ ಹಾಗಲ್ಲ. ಈ ಕೃತಿಯ ಅತ್ಯಂತ ಗಾಢವಾದ ಪರಿಣಾಮ ಎರಡು ಕಂಠಗಳ ಸಂಬಂಧದಿಂದ ಹುಟ್ಟಿದೆ. ಆಕೆ ಹಾಡುತ್ತಾಳೆ, ಅದೇ ಮಾತನ್ನು ಆತ ಒಂದು ಕ್ಷಣ ಮುಂಚೆಯೋ ಒಂದು ಕ್ಷಣ ತಡವಾಗಿಯೋ ಆಕೆಯ ದನಿಯ ನೆರಳಿನಲ್ಲಿ ಪಿಸುಗುಟ್ಟುತ್ತಾನೆ. ಯಾರು ಯಾರಿಗೆ ಮಾತು ಹೇಳಿಕೊಡುತ್ತಿದ್ದಾರೆ? ಗಂಡಸು ಬರೆದ ಮಾತನ್ನು ಹೆಂಗಸು ಹೇಳುತ್ತಿದ್ದಾಳೆಯೆ, ಅಥವಾ ಹೆಂಗಸಿನ ಮಾತನ್ನು ಗಂಡಸು ಕದ್ದು ಕೇಳಿಸಿಕೊಂಡು ಒಪ್ಪಿಸುತ್ತಿದ್ದಾನೆಯೆ? ಈ ಅನಿಶ್ಚಯ ಬಗೆಹರಿಯುವುದಿಲ್ಲ. ತಾಯಿಯೇ ತನ್ನ ಮೂಲಕ ನುಡಿಯುತ್ತಿರಬಹುದೆಂಬರ್ಥದ ಮಾತನ್ನು ಟ್ರಿಕಿ ಆಡಿದ್ದುಂಟು. ಕೃತಿಯ ಹೆಸರು ತಾಯಿಯದೆಂಬುದನ್ನು ನೆನೆದು ಕೇಳಿದಾಗ, ನಾಲ್ಕರ ಹರೆಯದಲ್ಲಿ ತಬ್ಬಲಿಯಾದವನು ದನಿಯೇ ನೆನಪಿನಲ್ಲಿರದ ತಾಯಿಗೆ ಒಂದು ದನಿಯನ್ನು ಹುಡುಕುತ್ತಿದ್ದಾನೆಂಬ ಅರ್ಥ ಹೊಳೆಯುತ್ತದೆ. ಎಲ್ಲಿಯೂ ಇದನ್ನು ಬಾಯಿಬಿಟ್ಟು ಹೇಳಿಲ್ಲ. ‘ಆಫ್ಟರ್‌ಮ್ಯಾತ್’ ಎಂಬ ಹಾಡನ್ನು ಕೇಳಿದವರಿಗೆ ಇದು ಅನುಭವಕ್ಕೆ ಬರುತ್ತದೆ. ವಾಚ್ಯವಾಗಿದ್ದರೆ ಸಾಧಾರಣ ಶೋಕಗೀತೆಯಾಗುತ್ತಿದ್ದುದು ವ್ಯಂಗ್ಯವಾಗಿ ಉಳಿದುದರಿಂದಲೇ ರಸವಾಗಿದೆ.

ಆದರೆ ಈ ರಸ ಮಾರ್ಟೀನಾಳ ಕಂಠವಿಲ್ಲದೆ ಸಿದ್ಧಿಸುತ್ತಿರಲಿಲ್ಲ. ಆಕೆಯದು ಆವೇಶವಿಲ್ಲದ, ತುಸು ನಿದ್ದೆಗಣ್ಣಿನ, ಹೊಗಳಿಕೆಯನ್ನೂ ಬೆದರಿಕೆಯನ್ನೂ ಒಂದೇ ಸಮನಾಗಿ ನುಡಿಯಬಲ್ಲ ಕಂಠ. ಆಕೆ ಬರಿಯ ಉಪಕರಣವಾಗಿರಲಿಲ್ಲವೆಂಬುದಕ್ಕೆ 2003ರಲ್ಲಿ ಆಕೆಯ ಸ್ವಂತ ಕೃತಿ ‘ಕ್ವಿಕ್ಸಾಟಿಕ್’ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದುದೇ ಸಾಕ್ಷಿ. ಪತ್ರಿಕೆಗಳಿಗೆ ಒಬ್ಬನೇ ನಾಯಕ ಬೇಕಾಗಿತ್ತು. ಇಬ್ಬರ ಕೃತಿಯನ್ನು ಅವು ಒಬ್ಬನ ಕೃತಿಯಾಗಿಸಿದವು. ಟ್ರಿಕಿಗೆ ದೊರೆತ ಮನ್ನಣೆ ಅತಿಯಾಯಿತೆಂದು ನನಗೆ ತೋರುವುದು ಮುಖ್ಯವಾಗಿ ಈ ಸ್ಥಳದಲ್ಲಿ. ಅಲ್ಲಿ ಹೊಗಳಿಕೆಯ ಮೊತ್ತ ತಪ್ಪಿಲ್ಲ, ಹಂಚಿಕೆ ತಪ್ಪಿದೆ.

ಇನ್ನು ಮೂರನೆಯ ಆಕ್ಷೇಪ. 1996ರಲ್ಲಿ ‘ನಿಯರ್ಲಿ ಗಾಡ್’ ಮತ್ತು ‘ಪ್ರಿ-ಮಿಲೆನಿಯಮ್ ಟೆನ್ಷನ್’ ಎಂಬ ಎರಡು ಕೃತಿಗಳು ಬಂದವು. ಅವು ಮೊದಲನೆಯದಕ್ಕಿಂತ ಕಠೋರವಾದವು. ಹೊಗಳಿದವರನ್ನೇ ದೂರ ತಳ್ಳುವ ಹಟ ಅವುಗಳಲ್ಲಿ ಕಾಣುತ್ತದೆ. ‘ಟ್ರಿಪ್‌ಹಾಪ್’ ಎಂಬ ಹಣೆಪಟ್ಟಿಯನ್ನು ಆತ ಎಂದೂ ಇಷ್ಟಪಡಲಿಲ್ಲ. ಅದಕ್ಕೆ ಕಾರಣವಿದೆ. ಹೆಸರು ಚಲಾವಣೆಗೆ ಬಂದೊಡನೆ ವಿಳಂಬ ತಾಳವೂ ಮೆಲುದನಿಯ ಗಾಯಕಿಯೂ ಇದ್ದ ಅಸಂಖ್ಯ ಅನುಕರಣೆಗಳು ಹುಟ್ಟಿ, ಭಯದಿಂದ ಹುಟ್ಟಿದ ಸಂಗೀತ ಉಪಾಹಾರಗೃಹಗಳ ಹಿತವಾದ ಹಿನ್ನೆಲೆಯಾಗಿ ಇಳಿದುಹೋಯಿತು. ನಂತರದ ವರ್ಷಗಳಲ್ಲಿ ಟ್ರಿಕಿ ಹತ್ತಕ್ಕೂ ಹೆಚ್ಚು ಧ್ವನಿಮುದ್ರಿಕೆಗಳನ್ನು ತಂದಿದ್ದಾನೆ. ಅವುಗಳಲ್ಲಿ ಏರಿಳಿತ ಬಹಳ. 2019ರಲ್ಲಿ ತನ್ನ ಹಾಗೂ ಮಾರ್ಟೀನಾಳ ಮಗಳು ತೀರಿಕೊಂಡ ಮೇಲೆ, 2020ರಲ್ಲಿ ಬಂದ ‘ಫಾಲ್ ಟು ಪೀಸಸ್’ ಎಂಬ ಚಿಕ್ಕ ಚಿಕ್ಕ ಹಾಡುಗಳ ಕೃತಿಯಲ್ಲಿ ಮೊದಲಿನ ಸಾಂದ್ರತೆ ಮತ್ತೆ ಕಾಣುತ್ತದೆ. ತಾಯಿಯನ್ನು ಕಳೆದುಕೊಂಡ ಮಗನಾಗಿ ಆರಂಭಿಸಿದವನು ಮಗಳನ್ನು ಕಳೆದುಕೊಂಡ ತಂದೆಯಾಗಿ ಹಾಡಬೇಕಾಯಿತು.

ಹಾಗಾದರೆ ಮೊದಲ ಕೃತಿಯ ಮಟ್ಟವನ್ನು ಮತ್ತೆ ಮುಟ್ಟಲಿಲ್ಲವೆಂಬುದು ನಿಜವೆ? ಬಹುಮಟ್ಟಿಗೆ ನಿಜ. ಆದರೆ ಅದರಿಂದ ಮೊದಲ ಕೃತಿಯ ಬೆಲೆ ಇಳಿಯುವುದು ಹೇಗೆ? ಕುಮಾರವ್ಯಾಸನ ಕೀರ್ತಿ ನಿಂತಿರುವುದು ಒಂದೇ ಕಾವ್ಯದ ಮೇಲೆ. ಮುಂದೆ ಬರೆದದ್ದು ಸೊರಗಿದರೆ ಹಿಂದೆ ಬರೆದದ್ದು ತಾನೂ ಸೊರಗುತ್ತದೆಂಬ ವಾದ ವ್ಯಾಪಾರದ ಲೆಕ್ಕಾಚಾರಕ್ಕೆ ಸರಿ, ಕಲಾವಿಮರ್ಶೆಗೆ ಸಲ್ಲದು. ‘ಸಂಗೀತದ ಭವಿಷ್ಯವೇ ಈತ’ ಎಂಬಂತೆ ಬಣ್ಣಿಸಿದ್ದು ಮಾತ್ರ ಅತಿಯಾಯಿತು. ಭವಿಷ್ಯವನ್ನು ಹೊತ್ತುಕೋ ಎಂದು ಇಪ್ಪತ್ತೇಳು ವರ್ಷದವನೊಬ್ಬನ ಹೆಗಲ ಮೇಲೆ ಹೇರುವುದು ಗೌರವವಲ್ಲ, ಕ್ರೌರ್ಯ. 1995ರ ಮರ್ಕ್ಯುರಿ ಪ್ರಶಸ್ತಿ ಪೋರ್ಟಿಸ್‌ಹೆಡ್‌ನ ‘ಡಮ್ಮಿ’ಗೆ ಹೋಯಿತು, ಅಂತಿಮ ಪಟ್ಟಿಯಲ್ಲಿದ್ದ ಟ್ರಿಕಿಗೆ ದೊರೆಯಲಿಲ್ಲ. ಆ ತಂಡ ಹೆಚ್ಚು ಮಾತನಾಡದೆ, ಅವಸರಪಡದೆ, ತನ್ನ ಮೂರನೆಯ ಕೃತಿಯನ್ನು 2008ರಲ್ಲಿ ಹೊರತಂದಿತು. ಅದು ಹಿಂದಿನೆರಡರ ಹಾದಿಯನ್ನು ಬಿಟ್ಟು ನಡೆದ ಕೃತಿ. ಮೌನವೂ ಕಲಾವಿದನನ್ನು ಕಾಪಾಡುತ್ತದೆ. ಟ್ರಿಕಿಗೆ ಆ ರಕ್ಷೆ ಇರಲಿಲ್ಲ.

ಒಟ್ಟಿನಲ್ಲಿ ಈತನಿಗೆ ಸಂದ ಮನ್ನಣೆಯನ್ನು ಮೂರು ಪಾಲು ಮಾಡಬಹುದೆಂದು ತೋರುತ್ತದೆ. ಒಂದು ಪಾಲು ಪತ್ರಿಕೆಗಳ ಆ ಹೊತ್ತಿನ ಹಸಿವಿನಿಂದ ಹುಟ್ಟಿದ್ದು. ಅದು ಆಗಲೇ ಕರಗಿಹೋಗಿದೆ, ನಾವು ಶ್ರಮಪಟ್ಟು ಕಳೆಯಬೇಕಾಗಿಲ್ಲ. ಇನ್ನೊಂದು ಪಾಲು ಹೇಸ್‌ನಿಗೂ ರೆಹಮಾನರಿಗೂ ಸಾಂಡರ್ಸ್‌ನಿಗೂ ಎಲ್ಲಕ್ಕಿಂತ ಹೆಚ್ಚಾಗಿ ಮಾರ್ಟೀನಾಳಿಗೂ ಸಲ್ಲಬೇಕಾದದ್ದು. ಅದನ್ನು ಸಲ್ಲಿಸುವುದು ಕೇಳುಗರ ಹೊಣೆ. ಇವೆರಡನ್ನು ತೆಗೆದ ಮೇಲೆಯೂ ಮೂರನೆಯ ಪಾಲು ಉಳಿಯುತ್ತದೆ, ಅದು ಸಣ್ಣದಲ್ಲ. ಚೂರುಚೂರಾದ ಸದ್ದುಗಳಿಂದ, ಹಾಡಲಾರದ ಕಂಠದಿಂದ, ಏದುಸಿರಿನಿಂದ, ಒಂದು ನಗರದ ಅಂಚಿನಲ್ಲಿ ಬೆಳೆದವನ ಅಂಜಿಕೆಗೂ ತಬ್ಬಲಿತನಕ್ಕೂ ಆತ ಒಂದು ರೂಪ ಕೊಟ್ಟ. ಆ ರೂಪ ಅದಕ್ಕೆ ಮುಂಚೆ ಇರಲಿಲ್ಲ.

ಈ ಸಂಗೀತವನ್ನು ಕೇಳಿರದವರಿಗೆ ಒಂದು ಸೂಚನೆ. ಮೊದಲ ಬಾರಿಗೆ ಇದು ಹಿತವಾಗದಿರಬಹುದು. ರಾಗವಿಸ್ತಾರವನ್ನು ಅರಸುವ ಕಿವಿಗೆ ಇದು ಬರಿಯ ಗೊಣಗಾಟವೆನಿಸಬಹುದು. ಮೊದಲು ಐಸಾಕ್ ಹೇಸ್‌ನ ಆ ತುಣುಕನ್ನೂ ‘ರೋಜಾ’ ಚಿತ್ರದ ಹಾಡನ್ನೂ ಕೇಳಿ, ಆಮೇಲೆ ‘ಮ್ಯಾಕ್ಸಿನ್‌ಕ್ವೇ’ಯನ್ನು ರಾತ್ರಿಯ ಹೊತ್ತು, ಬೇರೆ ಕೆಲಸವಿಲ್ಲದಾಗ, ಮೊದಲಿನಿಂದ ಕೊನೆಯವರೆಗೆ ಒಮ್ಮೆ ಆಲಿಸಬೇಕು. ಕೇಳುವಾಗ ಮುಂದಿನ ದನಿಯನ್ನಷ್ಟೇ ಹಿಂಬಾಲಿಸದೆ ಅದರ ಹಿಂದಿನ ಪಿಸುಮಾತಿಗೂ ಕಿವಿಗೊಡಬೇಕು. ಮೆಚ್ಚಬೇಕೋ ಬಿಡಬೇಕೋ ಎಂಬುದನ್ನು ಅನಂತರ ಅವರವರ ಕಿವಿಯೇ ನಿರ್ಣಯಿಸಲಿ.